ಫರ್ಸಿ ನಾಡಲ್ಲಿ ಕಟ್ಟಿಗಿ ಮನಿ

ನಮ್ಮ ಕಡೆ ವಾಡಿ, ಸೇಡಂ ಅಂದರೆ ಸಿಮೆಂಟು. ಶಹಾಬಾದ್, ಚಿತ್ತಾಪುರ ಅಂದರೆ ಫರ್ಸಿ ಕಲ್ಲು. ಕಟ್ಟಿಗೆಗೆ ಚಿಂಚೋಳಿ ಕಾಡಿದೆ, ಆದರೆ 2011ರಿಂದ ಅದು ವನ್ಯಜೀವಿಧಾಮ, ಕಡ್ಡಿ ಮುಟ್ಟುವಂತಿಲ್ಲ. ಹಾಗಾಗಿ ಮಗಳ ಗೊಂಬೆಮನೆ ಪಾರ್ಸೆಲ್‌ನಲ್ಲಿ ಬಂತು, ಬಿಡಿಬಿಡಿಯಾಗಿ, ಜೋಡಿಸುವ ಕ್ರಮ ಬರೆದ ಕಾಗದದ ಜೊತೆ.

"ಮೊದಲ ಕಾಗದ ಓದ್ರೀ" ಅಂದಳು ಹೆಂಡತಿ.

"ಗೌಂಡಿ ಕಾಗದ ಓದಿ ಮನಿ ಕಟ್ತಾನೇನ?" ಅಂತ ನಾನು ಫೆವಿಕಾಲ್ ಬಳಿದೆ.

ಗೋಡೆ ಎದ್ದಿತು, ಮಾಳಿಗೆ ಕೂತಿತು. ಮೆಟ್ಟಿಲು ಮಾತ್ರ ಹೊರಗೇ ಉಳಿಯಿತು.

"ಗೊಂಬಿ ಮ್ಯಾಲ ಹೆಂಗ ಹೋಗಬೇಕ್ರೀ?"

ಇದೇ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ರಾಷ್ಟ್ರಕೂಟರು ರಾಜಧಾನಿಯನ್ನೇ ಕಟ್ಟಿದರು. ನನಗೆ ಒಂದು ಮೆಟ್ಟಿಲು ಕೂರಿಸಲಾಗಲಿಲ್ಲ.

ಗೊಂಬೆಮನೆ ತರುವವರಿಗೆ ಒಂದೇ ಮಾತು: ಮೊದಲು ಕಾಗದ ಓದಿ. ಅದಕ್ಕೂ ಮೊದಲು ಹೆಂಡತಿ ಹೇಳಿದ್ದು ಕೇಳಿ.