ನಿವೃತ್ತಿ ನನ್ನದು, ಪಿಂಚಣಿ ಕಂಪನಿಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ನಿವೃತ್ತವಾಯಿತು. ಹಾರವಿಲ್ಲ, ಶಾಲಿಲ್ಲ, ಮೈಸೂರು ಪೇಟವಂತೂ ಇಲ್ಲವೇ ಇಲ್ಲ. ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಅಂಗಡಿಯಲ್ಲಿ ಮಾತ್ರ ಈಗಲೂ ದಿನಾ ಡ್ಯೂಟಿಗೆ ಹಾಜರು. ಅಲ್ಲೇ ಮಾತಿಗೆ ಸಿಕ್ಕಿತು.

ನಿವೃತ್ತಿ ಹೇಗಿದೆ ಸರ್?

ಏನು ಹೇಳೋದು ಸ್ವಾಮಿ. 2015ರಲ್ಲಿ ಕಂಪನಿಯವರೇ ಒಬ್ಬರು ತುಂಬಿದ ಸಭೇಲಿ ‘ಇದೇ ಕೊನೇ ವಿಂಡೋಸ್’ ಅಂದ್ರು. ನಂಬಿದೆ. ಆರು ವರ್ಷಕ್ಕೆ ಹನ್ನೊಂದನ್ನ ತಂದು ಕೂರಿಸಿದ್ರು. ಬಂದವನ ಘನಕಾರ್ಯ ಏನು? ಸ್ಟಾರ್ಟ್ ಬಟನ್ನು ಮಧ್ಯಕ್ಕೆ! 1995ರಿಂದ ಅದರ ಜಾಗ ಎಡಮೂಲೆ.

ಇನ್ನೊಂದು ವರ್ಷ ಭದ್ರತಾ ತೇಪೆ ಬೇಕಿದ್ದರೆ 30 ಡಾಲರ್ ಕೇಳುತ್ತಿದ್ದಾರಲ್ಲ?

ಆ ಎಂಟು ಇದ್ದನಲ್ಲ, ಸ್ಟಾರ್ಟ್ ಮೆನುವನ್ನೇ ಎತ್ತಿಬಿಟ್ಟಿದ್ದ. ವಾಪಸ್ ತಂದವನು ನಾನು. ಒಬ್ಬರಾದರೂ ನೆನೀತಾರಾ?

ದುಡ್ಡಿನ ಮಾತು ಕೇಳಿದೆ.

ನಿವೃತ್ತಿ ನಂದು, ಪಿಂಚಣಿ ಹೋಗೋದು ಕಂಪನಿಗೆ. ಅದರಲ್ಲಿ ನನಗೇನು ಬಂತು? ಟಾಸ್ಕ್‌ಬಾರನ್ನ ಪಕ್ಕಕ್ಕೆ ಸರಿಸೋಕೂ ಬಿಡಲಿಲ್ಲ ಆ ಹನ್ನೊಂದು ಅನ್ನೋ ಪುಣ್ಯಾತ್ಮ.

ಆಪಲ್‌ನವರು 2001ರಲ್ಲಿ ಓಎಸ್ ಟೆನ್ ಅನ್ನು 129 ಡಾಲರಿಗೆ ಮಾರಿದ್ದರು. 2013ರ ಮ್ಯಾವರಿಕ್ಸ್‌ನಿಂದ ಪುಕ್ಕಟೆ ಕೊಡುತ್ತಿದ್ದಾರೆ.

ಪುಕ್ಕಟೆ ಏನು ಬಂತು, ಯಂತ್ರದ ಬೆಲೆಯಲ್ಲೇ ಹಿಡ್ಕೋತಾರೆ. ನಾನೂ ಬಂದ ಹೊಸದರಲ್ಲಿ ಏಳು ಮತ್ತು 8.1 ಇದ್ದವರ ಮನೆಗೆಲ್ಲ ಒಂದು ವರ್ಷ ಪುಕ್ಕಟೆ ಹೋದೆ. ಕರೆಯದೇ ಹೋದೆ ಅಂತ ಬೈಸಿಕೊಂಡೆ.

ಕರೆಯದೇ ಬಂದಿರಿ, ಬರುವಾಗ ನುಡಿ ಕೀಲಿಮಣೆ ಯಾಕೆ ತರಲಿಲ್ಲ? ಅದರ ಕೆ.ಪಿ. ರಾವ್ ವಿನ್ಯಾಸ ಕನ್ನಡ ಟೈಪಿಸ್ಟರ ಬೆರಳಿಗೆ ಹತ್ತಿದೆ. ನಿಮ್ಮ ವಂಶವೋ ಎಕ್ಸ್‌ಪಿ ಕಾಲದಿಂದ ಇನ್‌ಸ್ಕ್ರಿಪ್ಟ್ ಎಂಬ ಬೇರೆ ವಿನ್ಯಾಸ ಹಿಡಿದು ಕೂತಿದೆ.

ನೀವು ಅಪ್‌ಗ್ರೇಡ್ ಬಗ್ಗೆ ಕೇಳೋಕೆ ಬಂದವರಲ್ವಾ?

ಬೆರಳಿಗೆ ಹತ್ತಿದ್ದನ್ನು ಬಿಟ್ಟು ಹೊಸದು ಕಲಿ ಎನ್ನುವುದೂ ಅಪ್‌ಗ್ರೇಡಿನ ಸುಂಕವೇ. ಇರಲಿ. ಈ ಯಂತ್ರಕ್ಕೆ ಹನ್ನೊಂದು ಬರುತ್ತದೆಯೇ?

ಬರಲ್ಲ. ಅವನಿಗೆ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನದೇ ಆಗಬೇಕು. ಕುಲಗೋತ್ರ ನೋಡದೆ ಕಾಲಿಡಲ್ಲ.

ಇಲ್ಲಿ ನನ್ನ ನಗು ನಿಂತಿತು. ಪಕ್ಕದಲ್ಲಿ ಪ್ರಿಂಟರು ಅರ್ಜಿ ಉಗುಳುತ್ತಲೇ ಇತ್ತು. ಫ್ಯಾನು, ಡಿಸ್ಕು, ಮಾನಿಟರು ಯಾವುದೂ ಕೆಟ್ಟಿಲ್ಲ. ಹೊಸ ಸೌಲಭ್ಯಕ್ಕೆ ಬೆಲೆ ಕೇಳಲಿ, ತಕರಾರಿಲ್ಲ. ದುಡಿದವರಿಗೆ ಕೂಲಿ ಬೇಕು, ಬೇಕಾದವರು ಕೊಳ್ಳುತ್ತಾರೆ. ಭದ್ರತಾ ತೇಪೆ ಹೊಸ ಸೌಲಭ್ಯವೇ? ತಾವೇ ಬರೆದ ಕೋಡಿನಲ್ಲಿ ಉಳಿದ ತೂತು ಮುಚ್ಚುವ ಕೆಲಸ ಅದು. ಸೋರುವ ಕೊಡ ಮಾರಿದವನು ಬೆಸುಗೆಗೂ ಕಾಸು ಕೇಳಿದರೆ ಸಂತೆಯಲ್ಲಿ ಸುಮ್ಮನೆ ಬಿಡುತ್ತಾರೆಯೇ? ದುಡ್ಡು ಬೇಡವೆಂದರೆ ಇನ್ನೊಂದು ದಾರಿ ಇಟ್ಟಿದ್ದಾರೆ: ಕಂಪ್ಯೂಟರಿನ ಸೆಟ್ಟಿಂಗುಗಳನ್ನು ಕಂಪನಿಯ ಕ್ಲೌಡಿಗೆ ಒಪ್ಪಿಸಬೇಕು, ಇಲ್ಲವೇ ಅವರ ರಿವಾರ್ಡ್ಸ್‌ನಲ್ಲಿ 1000 ಅಂಕ ಕೂಡಿಸಿರಬೇಕು. ಯುರೋಪಿನಲ್ಲಿ ಗ್ರಾಹಕ ಸಂಘಟನೆ ತಕರಾರು ತೆಗೆಯಿತು, ಅಲ್ಲಿನವರಿಗೆ ಶುಲ್ಕ ಮಾಫಿಯಾಯಿತು. ಹಾಗಾದರೆ ಮಾಫಿ ಮಾಡಲು ಬರುತ್ತಿತ್ತು! ನಮ್ಮಲ್ಲಿ ಯಾರೂ ಗದರಲಿಲ್ಲ, ಅಷ್ಟೇ. ತೇಪೆಗೆ ಕೊಟ್ಟರೂ ಒಂದೇ ವರ್ಷ, 2026ರ ಅಕ್ಟೋಬರಿಗೆ ಮತ್ತೆ ಇದೇ ಗತಿ. ಆಮೇಲೆ ಸುಸ್ಥಿತಿಯ ಯಂತ್ರ ಗುಜರಿಗೆ. ಗುಜರಿಯಲ್ಲಿ ತಾಮ್ರಕ್ಕಾಗಿ ವೈರು ಸುಟ್ಟು ಆ ಹೊಗೆ ಕುಡಿಯುವವನು ಯಾವ ಆವೃತ್ತಿಯನ್ನೂ ಕೊಂಡವನಲ್ಲ.

ಲಿನಕ್ಸ್ ಹಾಕಿಸಿಕೊಳ್ಳಬಹುದಲ್ಲ?

ನನ್ನೆದುರೇ ಆ ಹೆಸರು ಹೇಳ್ತೀರಲ್ಲ! ಅಂಗಡಿಯವರನ್ನ ಕೇಳಿ. ಅವರ ಪೇಜ್‌ಮೇಕರ್ ಅದರಲ್ಲಿ ಏಳುತ್ತಾ? ಹಳೇ ನುಡಿ ಫಾಂಟಿನ ಫೈಲುಗಳ ಗತಿ?

ಹಾಂ, ನುಡಿ! ಕೀಲಿಮಣೆ ಪ್ರಶ್ನೆಗೆ ಉತ್ತರ ಬರಲಿಲ್ಲ.

ಹನ್ನೊಂದನ್ನ ಕೇಳಿ.

ಅವನು ಈ ಯಂತ್ರಕ್ಕೆ ಬರುವುದಿಲ್ಲವಲ್ಲ.

ನೋಡಿ, ಈಗ ನನ್ನ ಕಷ್ಟ ಅರ್ಥವಾಯ್ತು ನಿಮಗೆ. ಬಟನ್ನು ಮಧ್ಯಕ್ಕಿಟ್ಟವನು ಇನ್ನೇನು ತಾನೆ ಮಾಡಿಯಾನು?