ಹಳೇ ನಾಯಿ: ಬಳಕೆ ಮತ್ತು ದುರಸ್ತಿ ಕೈಪಿಡಿ

(ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟದ ಮನೆಗಳಿಗೆ ಮಾತ್ರ)

ಎಂಟು ವರ್ಷ ದಾಟಿದ, ಚಿರತೆಗೆ ಸಿಗದೆ ಉಳಿದ ನಾಯಿಗಳಿಗೆ ಈ ಕೈಪಿಡಿ ಅನ್ವಯ. ಜಾತಿ ಯಾವುದೂ ಆಗಬಹುದು. ಹೆಸರು ಸಾಮಾನ್ಯವಾಗಿ ಕರಿಯ ಅಥವಾ ಟೈಗರ್.

ಮುನ್ನೆಚ್ಚರಿಕೆ: "ವಯಸ್ಸಾಯ್ತಲ್ಲ, ಬಿಡಿ" ಎಂಬ ಮಾತನ್ನು ಜಗಲಿಯಲ್ಲಿ ಆಡಕೂಡದು. ಮಂಗ ಓಡಿಸದಿದ್ದರೆ ವಯಸ್ಸು, ಅನ್ನ ಬಿಟ್ಟರೆ ವಯಸ್ಸು, ಬಚ್ಚಲೊಲೆಯ ಬೂದಿಯಿಂದ ಏಳದಿದ್ದರೂ ವಯಸ್ಸು. ಮೂತಿ ನರೆಯುವುದು, ಕಣ್ಣಿಗೆ ತಿಳಿನೀಲಿ ಮಸುಕು ಬರುವುದು, ಕರೆದರೆ ಎರಡನೇ ಸಲಕ್ಕೆ ಓಗೊಡುವುದು ವಯಸ್ಸಿನ ಬಾಬ್ತು. ಒಂದೇ ವಾರದಲ್ಲಿ ಬದಲಾದದ್ದನ್ನು ಆ ಲೆಕ್ಕಕ್ಕೆ ಬರೆಯಬೇಡಿ.

ತಪಾಸಣೆ: ಮರದ ತುದಿಯ ಅಡಕೆ ಕೊನೆಗೆ ಕೊಳೆ ತಗುಲಿದ್ದನ್ನು ಅಂಗಳದಲ್ಲೇ ನಿಂತು ಹೇಳುವ ಕಣ್ಣಿಗೆ ಕಾಲಬುಡದ ಪ್ರಾಣಿಯ ಒಸಡು ಕಾಣುವುದಿಲ್ಲ. ಮೇಲ್ದುಟಿ ಎತ್ತಿ. ಒಸಡು ಗುಲಾಬಿ ಬಣ್ಣಕ್ಕಿರಬೇಕು. ಬೆರಳಲ್ಲಿ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಹುಟ್ಟಾ ಕಪ್ಪು ಒಸಡಾದರೆ ಕೆಳರೆಪ್ಪೆ ಎಳೆದು ನೋಡಿ. ಬಿಳಿಚಿದ್ದರೆ ನಮ್ಮ ಕಡೆ ಮೊದಲ ಗುಮಾನಿ ಉಣ್ಣಿಯ ಮೇಲೆ. ಅದು ಹರಡುವ ಬೆಬೀಸಿಯಾ ರಕ್ತದ ಕೆಂಪುಕಣ ಒಡೆಯುತ್ತದೆ, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ ಉಣ್ಣಿ ಎಂದರೆ ನಾವು ಬೆಚ್ಚುತ್ತೇವೆ. ನಮ್ಮ ಮೈಗೆ ಹತ್ತಿದರೆ ಮಾತ್ರ.

ಮೂಗಿನಲ್ಲಿ ರಕ್ತ ಒಂದೇ ಹೊಳ್ಳೆಯಿಂದ ಬಂದರೆ, ಹಳ್ಳದ ನೀರು ಕುಡಿವಾಗ ಜಿಗಣೆ ಹೊಕ್ಕಿರಬಹುದು. ಮೂತಿಯ ಮುಂದೆ ತಣ್ಣೀರಿನ ಬಟ್ಟಲಿಟ್ಟರೆ ನೀರಿನಾಸೆಗೆ ಅದು ಹೊರಗೆ ಇಣುಕುವುದುಂಟು. ಒಸಡೂ ಬಿಳಿಚಿದ್ದರೆ ಬಟ್ಟಲು ಬಿಟ್ಟು ಗಾಡಿ ತೆಗೆಯಿರಿ.

ನೀರಿನ ಖರ್ಚು: ದನಕ್ಕಿಟ್ಟ ಅಕ್ಕಚ್ಚಿಗೂ ಬಾಯಿ ಹಾಕುವಷ್ಟು ದಾಹ, ಗಳಿಗೆಗೊಮ್ಮೆ ಮೂತ್ರ, ಬಾಯಲ್ಲಿ ಕೆಟ್ಟ ವಾಸನೆ ಇದ್ದರೆ ಮೂತ್ರಪಿಂಡ ಸೋಲುತ್ತಿರಬಹುದು. ಸಕ್ಕರೆ ಕಾಯಿಲೆಯೂ ಇದ್ದೀತು, ಅದು ನಮಗೊಬ್ಬರಿಗೇ ಮೀಸಲಲ್ಲ. ಆಪರೇಷನ್ ಆಗದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಹೀಗೆ ನೀರು ಕುಡಿದು, ಅನ್ನ ಬಿಟ್ಟು ಮಲಗಿದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಹೊರಗೆ ಏನೂ ಸೋರದೆಯೂ ತುಂಬುತ್ತದೆ. ಇದಕ್ಕೆ ನಾಳೆ ಎಂಬುದಿಲ್ಲ.

ಉಸಿರು: ಗಾಢ ನಿದ್ದೆಯಲ್ಲಿ ನಿಮಿಷಕ್ಕೆ 30 ದಾಟಬಾರದು. ರಾತ್ರಿ ಕೆಮ್ಮು, ಬೆನ್ನೆಲುಬು ಎದ್ದು ಹೊಟ್ಟೆ ಮಾತ್ರ ಉಬ್ಬುವುದು ಹೃದಯದ ತೊಂದರೆಯಿಂದ ಇರಬಹುದು. ಪಕ್ಕದ ಮನೆಯವರು ಇದನ್ನೇ "ಚೆನ್ನಾಗಿ ಮೈಕೈ ತುಂಬ್ಕೊಂಡಿದೆ" ಎನ್ನುತ್ತಾರೆ.

ನಿಷೇಧ: ದವಡೆ ಜೋತು, ಜೊಲ್ಲು ಸುರಿದು, ಬೊಗಳುವ ದನಿ ಬದಲಾಗಿದ್ದರೆ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ, ರೇಬೀಸ್ ಹಾಗೇ ಕಾಣುತ್ತದೆ. ಅಜ್ಜನ ಮಂಡಿನೋವಿನ ಐಬುಪ್ರೊಫೆನ್ ಮಾತ್ರೆಯನ್ನು ರೊಟ್ಟಿಯಲ್ಲಿಟ್ಟು ಕೊಡಬೇಡಿ. ನಾಯಿಯ ಹೊಟ್ಟೆ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ.

ದುರಸ್ತಿ: ಮೊದಲು ತಾಲ್ಲೂಕಿನ ಪಶು ಆಸ್ಪತ್ರೆ, ಅಲ್ಲಿ ಆಗದ್ದಕ್ಕೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು. ಜೀಪಿನ ಹಿಂದೆ ಗೋಣಿಚೀಲ ಹಾಸಿ. ಮೂತ್ರದ ಬಣ್ಣ, ಕೊನೆಗೆ ಅನ್ನ ತಿಂದ ದಿನ ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು "ಯಾವಾಗಿಂದ ಹೀಗೆ?" ಎಂದೇ ಶುರುಮಾಡುತ್ತಾರೆ. "ಮೊನ್ನೆಯಿಂದ" ಎಂದರೆ ನಂಬುವುದಿಲ್ಲ.