ಬಾಯಿ ಬಿಡದೆ ಇಂಗ್ಲಿಷ್

ಕರ್ನಾಟಕದಲ್ಲಿ ಸಿಇಟಿ ಎಂದರೆ ಸಾಕು, ಪಿಯುಸಿ ಮಕ್ಕಳಿರುವ ಮನೆಯ ಟಿವಿ ತಾನಾಗಿಯೇ ಬಾಯಿ ಮುಚ್ಚುತ್ತದೆ. ಚೀನಾದಲ್ಲೂ ಒಂದು ಸಿಇಟಿ ಇದೆ. ನಮ್ಮದು ಕಾಲೇಜಿನೊಳಗೆ ಹೋಗಲು, ಅವರದು ಕಾಲೇಜಿನಿಂದ ಮರ್ಯಾದೆಯಾಗಿ ಹೊರಗೆ ಬರಲು. ಪೂರ್ತಿ ಹೆಸರು ಕಾಲೇಜ್ ಇಂಗ್ಲಿಷ್ ಟೆಸ್ಟ್. ಅದರಲ್ಲಿ ಎರಡೇ ಮೆಟ್ಟಿಲು: ನಾಲ್ಕು ಮತ್ತು ಆರು. ಹಿಂದೆ ಪಠ್ಯಕ್ರಮದಲ್ಲಿ ಸೆಮಿಸ್ಟರಿಗೆ ಒಂದರಂತೆ ಆರು ಮೆಟ್ಟಿಲು ಇದ್ದವು. ಒಂದು, ಎರಡು, ಮೂರು, ಐದರ ಗತಿ ಏನಾಯಿತೆಂದು ಈಗ ಯಾರೂ ವಿಚಾರಿಸುವುದಿಲ್ಲ. ದೇಶಕ್ಕೆ ಬೇಕಾಗಿರುವುದು ನಾಲ್ಕು. ಆರು ಇದ್ದರೆ ಇನ್ನೂ ಚೆಂದ.

ನಾಲ್ಕು ಶುರುವಾದದ್ದು 1987ರಲ್ಲಿ, ಆರು ಬಂದದ್ದು 1989ರಲ್ಲಿ. ವರ್ಷಕ್ಕೆರಡು ಸಲ, ಜೂನ್ ಮತ್ತು ಡಿಸೆಂಬರಿನ ಒಂದು ಶನಿವಾರ, ಬೆಳಗ್ಗೆ ನಾಲ್ಕು, ಮಧ್ಯಾಹ್ನ ಆರು. ವರ್ಷಕ್ಕೆ ಕೋಟಿಗೂ ಹೆಚ್ಚು ಮಕ್ಕಳು ಕೂರುತ್ತಾರೆ. ಇಂಗ್ಲಿಷಿಗೆ ಇಷ್ಟು ದೊಡ್ಡ ಜಾತ್ರೆ ಲಂಡನ್ನಿನಲ್ಲೂ ಸೇರುವುದಿಲ್ಲ. ಸೇರಿದವರಲ್ಲಿ ಎಷ್ಟು ಜನ ಇಂಗ್ಲಿಷ್ ಮಾತಾಡುತ್ತಾರೆ ಎಂದು ಕೇಳಬೇಡಿ. ಜಾತ್ರೆಗೆ ಬಂದವರೆಲ್ಲ ದೇವರನ್ನು ಮಾತಾಡಿಸಿಯೇ ಹೋಗುತ್ತಾರೆಯೇ?

ಒಟ್ಟು ಅಂಕ 710. ನೂರಲ್ಲ, ಐನೂರಲ್ಲ, ಏಳುನೂರಾ ಹತ್ತು. ಮೊದಲು ನೂರೇ ಇತ್ತು. 60 ಬಂದರೆ ಪಾಸು, 85 ಬಂದರೆ ‘ಅತ್ಯುತ್ತಮ’. ಹಳ್ಳಿಯ ಅಜ್ಜಿಗೂ ಅರ್ಥವಾಗುವ ಲೆಕ್ಕ. ಅಜ್ಜಿಗೆ ಅರ್ಥವಾಗುತ್ತದೆ ಎಂದ ಮೇಲೆ ಸುಧಾರಣೆ ಮಾಡಲೇಬೇಕಲ್ಲ? 2005ರಲ್ಲಿ ಮಾಡಿದರು. ಸರಾಸರಿಯನ್ನು 500 ಎಂದು, ಅದರಿಂದ ಅತ್ತಿತ್ತ ಸರಿಯುವ ವಿಚಲನೆಯನ್ನು 70 ಎಂದು ಇಟ್ಟುಕೊಂಡು ಮೂರು ಹೆಜ್ಜೆ ಮೇಲೆ ಹತ್ತಿದರೆ 710 ಸಿಗುತ್ತದೆ. ಸಂಖ್ಯಾಶಾಸ್ತ್ರದ ಪ್ರಕಾರ ಎಲ್ಲವೂ ಸರಿಯಾಗಿದೆ, ಮಗನ ಅಂಕಪಟ್ಟಿ ಹಿಡಿದುಕೊಂಡ ಅಪ್ಪನಿಗೆ ಮಾತ್ರ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಜೊತೆಗೆ ಪಾಸು-ಫೇಲು ಎಂಬ ಅನಿಷ್ಟವನ್ನೇ ತೆಗೆದುಹಾಕಿದರು. ಸರ್ಟಿಫಿಕೇಟು ಬೇಡ, ಬರೀ ಅಂಕಪಟ್ಟಿ ಸಾಕು ಎಂದರು.

ಆದರೆ 425 ಎಂಬ ಸಂಖ್ಯೆ ಇಡೀ ದೇಶದ ಬಾಯಲ್ಲಿದೆ. ನಾಲ್ಕರಲ್ಲಿ 425 ಬಂದವರಿಗೇ ಆರಕ್ಕೆ ಕೂರುವ ಯೋಗ. 710ರಲ್ಲಿ ನೂರಕ್ಕೆ ಅರವತ್ತರಂತೆ ಲೆಕ್ಕ ಹಾಕಿ ನೋಡಿ: 426. ಹಳೇ ಅರವತ್ತೇ ಕೋಟು ತೊಟ್ಟು ಬಂದು ಕೂತಿದೆ. ಪದವಿಗೂ ಈ ಪರೀಕ್ಷೆಗೂ ಗಂಟು ಹಾಕಿ ಎಂದು ನಾವು ಹೇಳಿಯೇ ಇಲ್ಲ ಎನ್ನುವುದು ಶಿಕ್ಷಣ ಸಚಿವಾಲಯದ ಮಾತು. ನಿಜವೇ. ಗಂಡಿನ ಕಡೆಯವರು “ನಾವೇನೂ ಕೇಳುವುದಿಲ್ಲಪ್ಪ, ನಿಮ್ಮ ಹುಡುಗಿಗೆ ನೀವು ಏನು ಹಾಕುತ್ತೀರೋ ನಿಮಗೆ ಬಿಟ್ಟದ್ದು” ಎನ್ನುತ್ತಾರಲ್ಲ, ಅಷ್ಟು ನಿಜ. ಸಚಿವಾಲಯ ಕೇಳಲಿಲ್ಲ, ಎಷ್ಟೋ ವಿಶ್ವವಿದ್ಯಾಲಯಗಳು ತಾವಾಗಿಯೇ ‘ನಾಲ್ಕು ಇಲ್ಲದಿದ್ದರೆ ಪದವಿ ಇಲ್ಲ’ ಎಂದು ಬರೆದುಕೊಂಡವು. ಅವು ಆ ಸಾಲನ್ನು ಅಳಿಸುವಷ್ಟರಲ್ಲಿ ಕಂಪನಿಗಳು ಅದನ್ನು ತಮ್ಮ ಜಾಹೀರಾತಿನಲ್ಲಿ ಬರೆದುಕೊಂಡಿದ್ದವು. ಶಾಂಘೈ ನಗರವಂತೂ ಹೊರ ಊರಿನ ಪದವೀಧರರನ್ನು ಕಾಯಂ ನಿವಾಸಿಯಾಗಿ ಸೇರಿಸಿಕೊಳ್ಳುವಾಗ ಅಂಕ ಕೂಡಿಸಿ ನೋಡುತ್ತದೆ. ಅಲ್ಲೂ ಇಂಗ್ಲಿಷಿಗೆ ಅಂಕ ಉಂಟು. ಶಾಂಘೈನ ತರಕಾರಿ ಅಂಗಡಿಯಲ್ಲಿ ಇಂಗ್ಲಿಷ್ ನಡೆಯುವುದಿಲ್ಲ, ಆ ಅಂಗಡಿಯ ಬೀದಿಯಲ್ಲಿ ಕಾಯಂ ಮನೆ ಮಾಡಲು ಬೇಕು.

ಇನ್ನು ತಯಾರಿ. ಮೊದಲು ಒಂದು ಪದಕೋಶ ಕೊಳ್ಳಬೇಕು. ನಾಲ್ಕಕ್ಕೆ ಸುಮಾರು ನಾಲ್ಕೂವರೆ ಸಾವಿರ ಪದಗಳು ಬೇಕು, ಪುಸ್ತಕ ಅಕಾರಾದಿಯಲ್ಲಿದೆ. ಚೀನಾದ ಯಾವ ಹಾಸ್ಟೆಲಿನಲ್ಲಿ ಬೇಕಾದರೂ ಈ ಪುಸ್ತಕ ತೆಗೆದು ನೋಡಿ, ‘ಎ’ ಅಕ್ಷರದ ಪುಟಗಳು ಬೆವರು, ಬೆರಳು, ನೂಡಲ್ಸಿನ ಎಣ್ಣೆಯಿಂದ ಕಪ್ಪಾಗಿರುತ್ತವೆ. ‘ಬಿ’ ದಾಟಿದ ಮೇಲೆ ಪುಸ್ತಕ ಅಂಗಡಿಯಿಂದ ಈಗಷ್ಟೇ ತಂದ ಹಾಗೆ. ಪ್ರತಿ ಸೆಮಿಸ್ಟರಿನಲ್ಲೂ ಹೊಸ ಸಂಕಲ್ಪ, ಪ್ರತಿ ಸಂಕಲ್ಪವೂ ಮೊದಲ ಪುಟದಿಂದ. ಪುಸ್ತಕ ಬೇಡವೆಂದರೆ ಮೊಬೈಲಿಗೆ ಆ್ಯಪ್ ಇದೆ. ದಿನಕ್ಕಿಷ್ಟು ಪದ ಕಲಿತರೆ ‘ಹಾಜರಿ’ ಬೀಳುತ್ತದೆ, ಹಾಜರಿಯನ್ನು ಗೆಳೆಯರ ಗುಂಪಿಗೆ ಕಳಿಸಬಹುದು. ಪದ ಮರೆತರೂ ಹಾಜರಿ ಉಳಿಯುತ್ತದೆ.

ಆಮೇಲೆ ಗ್ರಂಥಾಲಯದಲ್ಲಿ ಜಾಗ ಹಿಡಿಯಬೇಕು. ಇದಕ್ಕೆ ಮನುಷ್ಯರೇ ಬೇಕೆಂದಿಲ್ಲ. ಬೆಳಗ್ಗೆ ಒಂದು ಬಿಸಿನೀರಿನ ಫ್ಲಾಸ್ಕು, ಒಂದು ಪದಕೋಶ ಇಟ್ಟು ಹೋದರೆ ಸಂಜೆವರೆಗೂ ಆ ಫ್ಲಾಸ್ಕೇ ಓದುತ್ತಿರುತ್ತದೆ. ಏನೂ ಓದದೆ ಹೋಗಿ ಬರೆಯುವವರೂ ಇದ್ದಾರೆ. ಅವರ ಮಾರ್ಗಕ್ಕೆ ವಿದ್ಯಾರ್ಥಿಗಳು ‘ಬತ್ತಲೆ ಪರೀಕ್ಷೆ’ ಎಂದೇ ಹೆಸರಿಟ್ಟಿದ್ದಾರೆ. ಪರೀಕ್ಷೆ ಹತ್ತಿರ ಬಂದಂತೆ ಈ ದಿಗಂಬರ ಪಂಥಕ್ಕೆ ಸೇರುವವರ ಸಂಖ್ಯೆ ಹೆಚ್ಚುತ್ತದೆ.

ಕೊನೆಯ ವಾರ ಭಕ್ತಿಯದು. ಕೊಯ್ ಎಂಬ ಕೆಂಪು-ಬಿಳಿ ಅಲಂಕಾರದ ಮೀನಿನ ಚಿತ್ರವನ್ನು ಮೊಬೈಲಿನಲ್ಲಿ ಹಂಚಿಕೊಂಡರೆ ಅದೃಷ್ಟ ಒಲಿಯುತ್ತದೆ ಎಂಬ ನಂಬಿಕೆ ಇದೆ. ಮಾರ್ಕ್ಸ್‌ವಾದವನ್ನು ಕಡ್ಡಾಯ ವಿಷಯವಾಗಿ ಓದುವ ಮಕ್ಕಳು ಇಂಗ್ಲಿಷಿಗಾಗಿ ಮೀನಿಗೆ ಕೈಮುಗಿಯುತ್ತಾರೆ. ನಮ್ಮಲ್ಲಿ ಹಾಲ್ ಟಿಕೆಟ್ಟನ್ನು ಗಣಪತಿಯ ಮುಂದೆ ಇಡುವವರು ಇದನ್ನು ಕಂಡು ನಗಬಾರದು. ಮೀನಾದರೋ ಮೋದಕ ಕೇಳುವುದಿಲ್ಲ, ಒಂದು ಫಾರ್ವರ್ಡಿಗೆ ಒಲಿಯುತ್ತದೆ.

ಇಷ್ಟಾದ ಮೇಲೆ ಪರೀಕ್ಷೆಯ ಬೆಳಗ್ಗೆ ಚೀಲದಲ್ಲಿ ಇರಬೇಕಾದವು: ಪ್ರವೇಶಪತ್ರ, ಗುರುತಿನ ಚೀಟಿ, 2ಬಿ ಪೆನ್ಸಿಲು, ಕಪ್ಪು ಪೆನ್ನು, ಹೆಡ್‌ಫೋನು, ಹೆಡ್‌ಫೋನಿಗೆ ಬ್ಯಾಟರಿ, ಆ ಬ್ಯಾಟರಿ ಕೈಕೊಟ್ಟರೆ ಇನ್ನೊಂದು ಬ್ಯಾಟರಿ. ಇಂಗ್ಲಿಷ್ ಇದ್ದರೆ ಅದನ್ನೂ ತರಬಹುದು, ಕಡ್ಡಾಯವಿಲ್ಲ.

ಹೆಡ್‌ಫೋನಿನ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪರೀಕ್ಷೆಯಲ್ಲಿ ಕೇಳಿ ಉತ್ತರಿಸುವ ಭಾಗಕ್ಕೆ ನೂರಕ್ಕೆ ಮೂವತ್ತೈದು ಪಾಲು ಬೆಲೆ. ಅನೇಕ ವಿಶ್ವವಿದ್ಯಾಲಯಗಳು ಅದನ್ನು ಎಫ್‌ಎಂ ರೇಡಿಯೊದಲ್ಲಿ ಬಿತ್ತರಿಸುತ್ತವೆ. ಕ್ಯಾಂಪಸ್ಸೇ ಒಂದು ಆಕಾಶವಾಣಿ. ಇಂತಿಷ್ಟು ಮೆಗಾಹರ್ಟ್ಸ್ ಎಂದು ಮೊದಲೇ ಸಾರುತ್ತಾರೆ, ಪರೀಕ್ಷೆಗೆ ಮುಂಚೆ ಒಂದು ದಿನ ಬಿತ್ತರಿಸಿ ನೋಡುತ್ತಾರೆ, ಆಗ ಮಕ್ಕಳು ತಲೆಗೆ ರೇಡಿಯೊ ಏರಿಸಿಕೊಂಡು ಗಾಲಿ ತಿರುಗಿಸುತ್ತ ಇಂಗ್ಲಿಷ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ. ವಿದ್ಯೆಗೆ ತಲೆ ಬೇಕೆನ್ನುವುದು ಹಳೆಯ ಮಾತು, ಇಲ್ಲಿ ತಲೆಗೆ ಸಿಗ್ನಲ್ ಬೇಕು. ಮೂಲೆಯ ಬೆಂಚಿನವನಿಗೆ ಬರೀ ಗರಗರ ಸದ್ದು ಬಂದರೆ ಅವನ ಭವಿಷ್ಯದಲ್ಲೂ ಅಷ್ಟು ಗರಗರ. ಸೆಮಿಸ್ಟರಿನ ಕೊನೆಗೆ ಹಾಸ್ಟೆಲ್ ಬಾಗಿಲಲ್ಲಿ ಈ ಹೆಡ್‌ಫೋನುಗಳು ಸೆಕೆಂಡ್‌ಹ್ಯಾಂಡಿನಲ್ಲಿ ಮಾರಾಟವಾಗುತ್ತವೆ. ನಾಲ್ಕೂ ಆರೂ ದಾಟಿದ ಸೀನಿಯರ್ ಹೆಡ್‌ಫೋನಿಗೆ ಹೆಚ್ಚು ಗಿರಾಕಿ ಇದ್ದರೆ ನನಗೆ ಆಶ್ಚರ್ಯವೇನೂ ಆಗದು.

ಪ್ರಬಂಧಕ್ಕೆ ಮೂವತ್ತು ನಿಮಿಷ, ನಾಲ್ಕರಲ್ಲಿ ಕನಿಷ್ಠ 120 ಪದ. ಇದಕ್ಕೆ ಕೋಚಿಂಗಿನವರು ಅಚ್ಚು ತಯಾರಿಸಿ ಕೊಟ್ಟಿದ್ದಾರೆ. ಮೊದಲ ಸಾಲಿನಲ್ಲಿ ಸಮಾಜವು ಶರವೇಗದಲ್ಲಿ ಅಭಿವೃದ್ಧಿ ಹೊಂದುತ್ತಿರಬೇಕು. ಎರಡನೇ ಪ್ಯಾರಾದಲ್ಲಿ ಕೆಲವರು ಹೌದೆನ್ನುತ್ತಾರೆ, ಕೆಲವರು ಅಲ್ಲವೆನ್ನುತ್ತಾರೆ. ಮೂರನೆಯದರಲ್ಲಿ ಎರಡರಲ್ಲೂ ಸತ್ಯವಿದೆ, ನಾವೆಲ್ಲ ಕೈಜೋಡಿಸಿದರೆ ನಾಳೆ ಉಜ್ವಲ. ನಡುವೆ ಖಾಲಿ ಬಿಟ್ಟ ಜಾಗದಲ್ಲಿ ಮೊಬೈಲು, ಮಾಲಿನ್ಯ, ಪ್ರಾಮಾಣಿಕತೆ, ಅಂದು ಏನು ಕೇಳಿದ್ದಾರೋ ಅದನ್ನು ತುಂಬುವುದು. ಚೀನಾದಲ್ಲಿ ಚಕ್ರವರ್ತಿಯ ಕಾಲದ ಅಧಿಕಾರಿ ಪರೀಕ್ಷೆಗೆ ‘ಎಂಟು ಕಾಲಿನ ಪ್ರಬಂಧ’ ಎಂಬುದೊಂದಿತ್ತು. ಎಂಟು ಅಂಗ, ಪ್ರತಿ ಅಂಗಕ್ಕೂ ಕಟ್ಟಳೆ, ಅದರಾಚೆ ಒಂದು ಯೋಚನೆ ಬಂದರೂ ಅಭ್ಯರ್ಥಿ ಕೆಟ್ಟ. ಇದು ದೇಶದ ಬುದ್ಧಿಯನ್ನೇ ತಿಂದುಹಾಕಿತು ಎಂದು ಸುಧಾರಕರು ಬೊಬ್ಬೆ ಹಾಕಿದರು, 1905ರಲ್ಲಿ ಆ ಪರೀಕ್ಷೆಯನ್ನೇ ರದ್ದು ಮಾಡಿದರು. ಎಂಬತ್ತೆರಡು ವರ್ಷ ತಲೆಮರೆಸಿಕೊಂಡಿದ್ದ ಪ್ರಾಣಿ ವಾಪಸು ಬಂದಿದೆ. ಕಾಲು ಮೂರೇ ಉಳಿದಿವೆ, ಮಾತು ಮಾತ್ರ ಇಂಗ್ಲಿಷು.

ಪಾಪ, ಈ ಮಕ್ಕಳು ಕಾಲೇಜಿಗೆ ಬರುವ ಮೊದಲೇ ಪಳಗಿರುತ್ತಾರೆ. ಶಾಲೆಯ ಕೊನೆಯ ಮಹಾಪರೀಕ್ಷೆ ಗಾವೊಕಾವೊದಲ್ಲಿ ಲಿ ಹುವಾ ಎಂಬೊಬ್ಬ ಕಾಲ್ಪನಿಕ ವಿದ್ಯಾರ್ಥಿ ಇದ್ದಾನೆ. “ನೀನು ಲಿ ಹುವಾ, ನಿನ್ನ ವಿದೇಶಿ ಗೆಳೆಯನಿಗೆ ಇಂಗ್ಲಿಷಿನಲ್ಲಿ ಪತ್ರ ಬರೆ” ಎಂದು ಪ್ರಶ್ನೆಪತ್ರಿಕೆ ದಶಕಗಳಿಂದ ಕೇಳುತ್ತಿದೆ. ಅವನು ಗೆಳೆಯರನ್ನು ಹಬ್ಬಕ್ಕೆ ಕರೆಯುತ್ತಾನೆ, ಚೀನೀ ಭಾಷೆ ಕಲಿಯುವ ಉಪಾಯ ಹೇಳುತ್ತಾನೆ, ಕ್ಷಮೆ ಕೇಳುತ್ತಾನೆ. ಕೋಟ್ಯಂತರ ಜನ ಅವನ ಹೆಸರಿನಲ್ಲಿ ಬರೆದಿದ್ದಾರೆ. ಯಾವ ವಿದೇಶಿಯೂ ಈವರೆಗೆ ಉತ್ತರ ಕೊಟ್ಟಿಲ್ಲ.

ಅನುವಾದದ ಭಾಗವಂತೂ ದೇಶಪ್ರೇಮಿಗಳ ಕಣ್ಣಲ್ಲಿ ನೀರು ತರಿಸುವಂಥದ್ದು. 2013ರ ಡಿಸೆಂಬರಿನಿಂದ ಒಂದಿಡೀ ಚೀನೀ ಪ್ಯಾರಾವನ್ನು ಇಂಗ್ಲಿಷಿಗೆ ತರಬೇಕು, ಮತ್ತು ಆ ಪ್ಯಾರಾ ಬಹುಮಟ್ಟಿಗೆ ಚೀನಾದ ಬಗ್ಗೆಯೇ ಇರುತ್ತದೆ. 2017ರಲ್ಲಿ ಒಂದು ಸಲ ನದಿಗಳು: ಯಾಂಗ್ತ್ಸೆ, ಹಳದಿ ನದಿ, ಪರ್ಲ್ ನದಿ. ಇನ್ನೊಂದು ಸಲ ಬೆಟ್ಟಗಳು: ತೈಶಾನ್, ಹುವಾಶಾನ್, ಹುವಾಂಗ್‌ಶಾನ್. 2019ರಲ್ಲಿ ಸಿಂಹನೃತ್ಯ, ಕಾಗದ ಕತ್ತರಿಸುವ ಕಲೆ, ಲಾಟೀನು. ಕೊರೋನಾ ವರ್ಷದಲ್ಲಿ ಹಾಟ್‌ಪಾಟ್ ಅಡುಗೆ ಮತ್ತು ಮಾವೊತೈ ಮದ್ಯ. ಒಂದೊಂದು ಕೋಣೆಯಲ್ಲೂ ಬೇರೆ ಬೇರೆ ಪ್ರಶ್ನೆಪತ್ರಿಕೆ ಹಂಚುವುದರಿಂದ ಮುಂದಿನವನು ಯಾಂಗ್ತ್ಸೆ ದಾಟುತ್ತಿರುವಾಗ ಹಿಂದಿನವನು ಹಳದಿ ನದಿಯಲ್ಲಿ ಈಜುತ್ತಿರುತ್ತಾನೆ, ಕಾಪಿ ಹೊಡೆದರೆ ಭೂಗೋಳವೇ ಕೆಡುತ್ತದೆ. ಗೊತ್ತಿಲ್ಲದ ಕಡೆ ಚೀನೀ ಪದವನ್ನೇ ರೋಮನ್ ಅಕ್ಷರದಲ್ಲಿ ಬರೆದು ಮುಂದೆ ಹೋಗುವುದು ಬಹಳ ಜನಪ್ರಿಯ ವಿಧಾನ. ಅಂದರೆ ಈ ಇಂಗ್ಲಿಷಿನಲ್ಲಿ ಇಂಗ್ಲೆಂಡ್ ಇಲ್ಲ, ಅಮೆರಿಕ ಇಲ್ಲ, ಕೇಳುಗನೂ ಇಲ್ಲ. ನಮ್ಮ ಅಭ್ಯರ್ಥಿಗೆ ವಿಮಾನದಲ್ಲಿ ಒಂದು ಲೋಟ ನೀರು ಕೇಳಲು ನಾಲಿಗೆ ಹೊರಳದಿರಬಹುದು, ಮಾವೊತೈ ಮದ್ಯದ ಹಿರಿಮೆಯನ್ನು ಮಾತ್ರ ಅರ್ಧ ಪುಟ ವರ್ಣಿಸಬಲ್ಲ. ಬೀಜಿಂಗಿನ ವಿದೇಶಾಂಗ ಇಲಾಖೆಗೆ ಇಂಥವರು ಕೋಟಿ ಜನ ಸಿದ್ಧರಿದ್ದಾರೆ, ವಕ್ತಾರನ ಕುರ್ಚಿ ಒಂದೆರಡೇ.

ಮಾತಾಡುವ ಪರೀಕ್ಷೆ ಇಲ್ಲವೇ ಎಂದಿರಾ? ಇದೆ, 1999ರಿಂದಲೂ ಇದೆ. ಬೇಕಾದವರಿಗೆ ಮಾತ್ರ. ಮುಂಚೆ ಅದಕ್ಕೂ ಒಂದು ಷರತ್ತಿತ್ತು: ಬರೆಯುವ ನಾಲ್ಕರಲ್ಲಿ 550, ಇಲ್ಲವೇ ಆರರಲ್ಲಿ 520 ತಂದವರಿಗಷ್ಟೇ ಬಾಯಿ ತೆರೆಯುವ ಅರ್ಹತೆ. ಮೊದಲು ಬಾಯಿ ಮುಚ್ಚಿಕೊಂಡು ಎಷ್ಟು ಇಂಗ್ಲಿಷ್ ಬರುತ್ತದೆಂದು ತೋರಿಸು, ಆಮೇಲೆ ಮಾತಾಡುವಿಯಂತೆ. ಈ ನಿಯಮವನ್ನು ನಮ್ಮ ವಿಧಾನಸಭೆಗೆ ತರಬೇಕೆಂಬ ಆಸೆ ನನ್ನದು. ಹೀಗೆ ಬೆಳೆದ ವಿದ್ಯೆಯನ್ನು ಚೀನೀಯರೇ ‘ಮೂಕ ಇಂಗ್ಲಿಷ್’ ಎಂದು ಕರೆಯುತ್ತಾರೆ. ಮೂಕನಿಗೆ ಮದ್ದು ಕೊಡಲು 1990ರ ದಶಕದಲ್ಲಿ ಲಿ ಯಾಂಗ್ ಎಂಬಾತ ‘ಕ್ರೇಜಿ ಇಂಗ್ಲಿಷ್’ ಹುಟ್ಟುಹಾಕಿದ. ಮೈದಾನದ ತುಂಬ ಜನ ಸೇರಿಸಿ, ಕೈ ಬೀಸುತ್ತ, ಗಂಟಲು ಹರಿಯುವಂತೆ ಇಂಗ್ಲಿಷ್ ವಾಕ್ಯಗಳನ್ನು ಕೂಗಿಸುತ್ತಿದ್ದ. ಚಿತ್ರನಿರ್ದೇಶಕ ಜಾಂಗ್ ಯುವಾನ್ ಅದರ ಮೇಲೆ 1999ರಲ್ಲಿ ಸಾಕ್ಷ್ಯಚಿತ್ರವನ್ನೇ ಮಾಡಿದರು. ಒಂದು ಕಡೆ ಪೂರ್ತಿ ಮೌನ, ಇನ್ನೊಂದು ಕಡೆ ಪೂರ್ತಿ ಬೊಬ್ಬೆ. ಸಾಧಾರಣ ದನಿಯಲ್ಲಿ “ಊಟ ಆಯ್ತಾ” ಎನ್ನುವ ಇಂಗ್ಲಿಷಿಗೆ ಆ ದೇಶದಲ್ಲಿ ಕೋಚಿಂಗ್ ಸಿಗುವುದು ಕಷ್ಟವಿತ್ತು.

ಕೋಚಿಂಗ್ ಎಂದ ಮೇಲೆ ನ್ಯೂ ಓರಿಯಂಟಲ್ ಹೆಸರು ಬಾರದೆ ಇರದು. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದ ಯು ಮಿನ್‌ಹಾಂಗ್ 1993ರಲ್ಲಿ ಕಟ್ಟಿದ ಸಾಮ್ರಾಜ್ಯ ಅದು. 2021ರ ಜುಲೈಯಲ್ಲಿ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಶಾಲಾ ಮಕ್ಕಳ ಮೇಲೆ ಕನಿಕರ ಉಕ್ಕಿತು. ಶಾಲಾ ಪಾಠಗಳ ಟ್ಯೂಷನ್ನನ್ನು ಲಾಭಕ್ಕೆ ನಡೆಸಬಾರದು ಎಂದಿತು. ನ್ಯೂ ಓರಿಯಂಟಲ್ ಅರವತ್ತು ಸಾವಿರ ಜನರನ್ನು ಮನೆಗೆ ಕಳಿಸಿತು, ಇದು ಯು ಅವರೇ ಹೇಳಿದ ಲೆಕ್ಕ. ಉಳಿದ ಕೆಲವು ಮೇಷ್ಟ್ರುಗಳು ಮೊಬೈಲಿನಲ್ಲಿ ನೇರಪ್ರಸಾರ ಮಾಡುತ್ತ ಅಕ್ಕಿ, ಮಾಂಸ, ಮೆಕ್ಕೆಜೋಳ ಮಾರತೊಡಗಿದರು. ಅವರಲ್ಲಿ ಡಾಂಗ್ ಯುಹುಯಿ ಎಂಬ ಇಂಗ್ಲಿಷ್ ಮೇಷ್ಟ್ರು, ಬಿಳಿ ಹಲಗೆಯ ಮೇಲೆ ಇಂಗ್ಲಿಷ್ ಬರೆದು ವಿವರಿಸುತ್ತಲೇ ಸರಕು ಮಾರಿ 2022ರ ಜೂನಿನಲ್ಲಿ ರಾತ್ರೋರಾತ್ರಿ ಮನೆಮಾತಾದ. ಜನ ಮುಗಿಬಿದ್ದು ನೋಡಿದರು. 425 ಇಲ್ಲ, 2ಬಿ ಪೆನ್ಸಿಲಿಲ್ಲ, ಪಾಠ ತಲೆಗೆ ಹೋಗದಿದ್ದರೂ ಜೋಳ ಮನೆಗೆ ಬರುತ್ತದೆ. ಸಾಮ್ರಾಜ್ಯ ಕಟ್ಟಿದ ಇಷ್ಟು ವರ್ಷಕ್ಕೆ ಇಂಗ್ಲಿಷನ್ನು ಜನ ಖುಷಿಯಿಂದ ಕೇಳಿದ್ದು ಬಹುಶಃ ಆಗಲೇ.

ಕಾಲೇಜಿನ ಮಕ್ಕಳ ಮೇಲೆ ಮಾತ್ರ ಆ ಕನಿಕರ ಹರಿಯಲಿಲ್ಲ. ನಾಲ್ಕು-ಆರರ ಕೋಚಿಂಗ್ ಹಾಗೇ ಉಳಿಯಿತು. 2023ರ ಸೆಪ್ಟೆಂಬರಿನಲ್ಲಿ ಶಿಯಾನ್ ಜಿಯಾವೊತೊಂಗ್ ವಿಶ್ವವಿದ್ಯಾಲಯ, ಇನ್ನು ಮುಂದೆ ನಮ್ಮಲ್ಲಿ ಪದವಿಗೆ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಡ ಎಂದು ಪ್ರಕಟಿಸಿತು. ದೇಶದ ತುಂಬ ಚರ್ಚೆ, ಚಪ್ಪಾಳೆ. ಅನುವಾದಿಸಲು ಯಂತ್ರವಿದೆ, ಇನ್ನು ಈ ಹಿಂಸೆ ಯಾಕೆ ಎಂದರು ಕೆಲವರು. ಇಂಗ್ಲಿಷಿನ ಕಾಲ ಮುಗಿಯಿತು ಎಂದರು ಇನ್ನು ಕೆಲವರು. ಅಷ್ಟರಲ್ಲಿ ಡಿಸೆಂಬರ್ ಪರೀಕ್ಷೆಯ ನೋಂದಣಿ ಸಮಯ ಬಂತು. ಚಪ್ಪಾಳೆ ತಟ್ಟಿದವರು ಕೈ ಒರೆಸಿಕೊಂಡು ಲಾಗಿನ್ ಆಗಲು ಕೂತರು. 425 ಇಲ್ಲದವರು 425ಕ್ಕೆ, 425 ಬಂದವರು ಆರಕ್ಕೆ, ಆರೂ ಬಂದವರು ಇನ್ನಷ್ಟು ಅಂಕ ಉಜ್ಜಿ ತೆಗೆಯುವುದಕ್ಕೆ.